ಹಿತ್ತಲಿನಲ್ಲಿ ಎರಡನೇ ಮನೆ ಕಟ್ಟಿ ಬಾಡಿಗೆಗೆ ಕೊಡುವುದನ್ನು ತಡೆಯುವ ಠರಾವಿಗೆ ಒಪ್ಪಬೇಕೇ?

ಪ್ರಶ್ನೆ: ಕೋಡಿಬಾಗ ನಿವಾಸಿ, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಮುಂದಿನ ಸಭೆಗೆ ಒಂದು ಠರಾವಿನ ಕರಡು ಸಿದ್ಧವಾಗಿದೆ. ನಮ್ಮಲ್ಲಿ ಹೆಚ್ಚಿನವರದು ಮೂರರಿಂದ ಐದು ಗುಂಟೆಯ ಜಾಗ. ಈಗಿರುವ ಮನೆಯ ಹಿಂದೆಯೋ ಬದಿಗೋ ಇನ್ನೊಂದು ಚಿಕ್ಕ ಮನೆ ಕಟ್ಟಿ ಬಾಡಿಗೆಗೆ ಕೊಡಲು ಇನ್ನು ಮುಂದೆ ಯಾರಿಗೂ ಪರವಾನಿಗೆ ನೀಡಬಾರದೆಂದು ನಗರಸಭೆಯನ್ನು ಕೋರುವುದು ಕರಡಿನ ಮೊದಲ ಭಾಗ. ಕುಟುಂಬಸ್ಥರಲ್ಲದವರಿಗೆ ಮನೆ ಕೊಡುವುದಿಲ್ಲವೆಂದು ಪ್ರತಿ ಸದಸ್ಯರಿಂದ ಬರೆಸಿಕೊಳ್ಳುವುದು ಎರಡನೇ ಭಾಗ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ಗಲ್ಲಿಯ ಒಂದು ಹಳೆಯ ಹಂಚಿನ ಮನೆಯನ್ನು ಮಾಲೀಕರು ಊರು ಬಿಟ್ಟ ಮೇಲೆ ಖೋಲಿ ಖೋಲಿಯಾಗಿ ಬಾಡಿಗೆಗೆ ಕೊಟ್ಟಿದ್ದಾರೆ. ನಾಲ್ಕು ಖೋಲಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದಾರೆ. ಕೆಲವರು ಅರ್ಗಾ ಕಡೆಯ ನೌಕಾನೆಲೆಯ ಕಾಮಗಾರಿಯವರು, ಕೆಲವರು ಬೈತಕೋಲದ ಬೋಟುಗಳಲ್ಲಿ ದುಡಿಯುವವರು. ಅಷ್ಟು ಜನರಿಗೆ ಸಂಡಾಸು ಒಂದೇ. ಕಳೆದ ಮಳೆಗಾಲದಲ್ಲಿ ಅದರ ಗುಂಡಿ ಉಕ್ಕಿ ಗಟಾರದಲ್ಲಿ ಹರಿಯಿತು, ಪಕ್ಕದ ಮನೆಯವರು ಬಾವಿಯ ನೀರು ಕುಡಿಯುವುದನ್ನೇ ಬಿಟ್ಟರು. ಸಂಘದಲ್ಲಿ ಸಿಟ್ಟು ಎದ್ದದ್ದು ಅಲ್ಲಿಂದ.

ಆದರೆ ಅದೇ ಗಲ್ಲಿಯಲ್ಲಿ ಹಿತ್ತಲಿನ ಔಟ್‌ಹೌಸುಗಳೂ ಇವೆ. ಒಂದರಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಇಬ್ಬರು ನರ್ಸುಗಳಿದ್ದಾರೆ, ಇನ್ನೊಂದರಲ್ಲಿ ಮನೆಯ ಕಿರಿಯ ಮಗ ಮದುವೆಯಾದ ಮೇಲೆ ಬೇರೆ ಒಲೆ ಹೂಡಿದ್ದಾನೆ. ಇವರಿಂದ ಯಾರಿಗೂ ತೊಂದರೆಯಾದದ್ದು ನನಗೆ ತಿಳಿದಿಲ್ಲ. ಠರಾವು ಇವರನ್ನೂ ಆ ಹಂಚಿನ ಮನೆಯನ್ನೂ ಒಂದೇ ಸಾಲಿಗೆ ಸೇರಿಸುತ್ತಿದೆ. ಸಹಿ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಕೇಳಬೇಕೆನಿಸಿತು. ಇಂಥ ಠರಾವಿನಿಂದ ಇಕ್ಕಟ್ಟು ಕಡಿಮೆಯಾಗುತ್ತದೆಯೇ? ಆಗದಿದ್ದರೆ ಠರಾವಿನಲ್ಲಿ ಏನಿರಬೇಕು?


ಉತ್ತರ: ನಿವೃತ್ತ ಶಿಕ್ಷಕಿ, ಕಾಜುಬಾಗ

ನಾನು ಈ ಠರಾವಿಗೆ ಒಪ್ಪಲಾರೆ. ನಮ್ಮ ಹಿತ್ತಲಿನಲ್ಲಿ ಎರಡು ಖೋಲಿ, ಒಂದು ಅಡುಗೆಮನೆ, ಪ್ರತ್ಯೇಕ ಬಚ್ಚಲು ಇರುವ ಒಂದು ಮನೆಯಿದೆ. ಮಗ ಪುಣೆಯಲ್ಲಿ ನೆಲೆಸಿದ ಮೇಲೆ ಅದನ್ನು ಬಾಡಿಗೆಗೆ ಕೊಡುತ್ತಾ ಬಂದಿದ್ದೇವೆ. ಯಜಮಾನರು ತೀರಿಕೊಂಡ ಮೇಲೆ ಬಾಡಿಗೆಗಿಂತ ಹೆಚ್ಚಾಗಿ, ರಾತ್ರಿ ಕರೆದರೆ ಓಗೊಡುವವರು ಒಬ್ಬರು ಹತ್ತಿರ ಇದ್ದಾರೆಂಬ ಧೈರ್ಯಕ್ಕಾಗಿ ಆ ಮನೆ ನನಗೆ ಬೇಕು. ನಮ್ಮ ವಯಸ್ಸಿನವರು ಒಂಟಿಯಾಗಿರುವ ಮನೆಗಳು ಕಾರವಾರದಲ್ಲಿ ಎಷ್ಟಿವೆಯೆಂದು ಸಂಘದವರು ಒಮ್ಮೆ ಗಲ್ಲಿಗಳಲ್ಲಿ ನಡೆದು ನೋಡಬೇಕು.

ಒಂದೇ ಪಾಗಾರದೊಳಗೆ ಎರಡು ಮನೆಯಿರುವುದು ನಮ್ಮ ಊರಿಗೆ ಹೊಸತೇನೂ ಅಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬಾವಿಯನ್ನು ಎಲ್ಲರಿಗೂ ಸೇರಿದ್ದಾಗಿ ಇಟ್ಟುಕೊಂಡು ಹಿತ್ತಲಿನಲ್ಲಿ ಇನ್ನೊಂದು ಮನೆ ಕಟ್ಟಿಕೊಳ್ಳುವುದು ಹಿಂದಿನಿಂದ ಬಂದ ಕ್ರಮ. ನೌಕಾನೆಲೆಗಾಗಿ ಮನೆ, ಗದ್ದೆ, ಸಮುದ್ರದ ದಂಡೆ ಎಲ್ಲವನ್ನೂ ಬಿಟ್ಟು ಬಂದು ಪುನರ್ವಸತಿ ಕಾಲೊನಿಯ ಸೈಟಿನಲ್ಲಿ ನೆಲೆಸಿದವರ ಸ್ಥಿತಿಯನ್ನೂ ಯೋಚಿಸಿ. ಒಂದು ಕುಟುಂಬಕ್ಕೆಂದು ಕೊಟ್ಟ ಆ ಸೈಟಿನಲ್ಲಿ ಈಗ ಮಕ್ಕಳು ದೊಡ್ಡವರಾಗಿ ಅವರಿಗೂ ಮಕ್ಕಳಾಗಿವೆ. ಊರಿನ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗುಡ್ಡ. ಹೊಸ ಜಾಗ ಕೊಳ್ಳುವ ಶಕ್ತಿ ಇಲ್ಲದವರು ಇರುವ ಜಾಗದಲ್ಲೇ ಕಟ್ಟದೆ ಬೇರೇನು ಮಾಡಬೇಕು? ಠರಾವು ಅಂಗೀಕಾರವಾದರೆ ಮೊದಲು ಪೆಟ್ಟು ಬೀಳುವುದು ಇಂಥವರಿಗೆ. ಇಪ್ಪತ್ತು ಜನರನ್ನು ತುಂಬಿಸಿದ ಆ ಮಾಲೀಕರಿಗೆ ಏನೂ ಆಗುವುದಿಲ್ಲ, ಏಕೆಂದರೆ ಅವರು ಹೊಸದಾಗಿ ಕಟ್ಟಿದ್ದೇನೂ ಇಲ್ಲ.


ಉತ್ತರ: ಬಾವಿ ನೀರು ಕುಡಿಯುವವನು, ಕೋಡಿಬಾಗ

ಅಕ್ಕೋರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ. ನಾನು ಠರಾವಿನ ಮೊದಲ ಭಾಗದ ಪರವಾಗಿದ್ದೇನೆ, ಮತ್ತು ಅದು ಯಾರ ಮೇಲಿನ ದ್ವೇಷದಿಂದಲೂ ಅಲ್ಲ. ಕೋಡಿಬಾಗದ ನೆಲ ಮರಳಿನದು. ಜುಲೈ ಬಂತೆಂದರೆ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನಿಲ್ಲುತ್ತದೆ. ಆ ದಿನಗಳಲ್ಲಿ ಪಕ್ಕದ ಹಿತ್ತಲಿನ ಇಂಗುಗುಂಡಿಯೂ ನಮ್ಮ ಬಾವಿಯೂ ನೆಲದಡಿಯಲ್ಲಿ ಒಂದೇ ನೀರಿನಲ್ಲಿ ನಿಂತಿರುತ್ತವೆ. ಒಳಚರಂಡಿ ನಮ್ಮ ಗಲ್ಲಿಗೆ ಬಂದಿಲ್ಲ. ನಲ್ಲಿಯ ನೀರು ಅಂಕೋಲೆಯ ಗಂಗಾವಳಿ ನದಿಯಿಂದ ಬರಬೇಕು. ಮೇ ತಿಂಗಳಲ್ಲಿ ನದಿ ಸೊರಗಿದರೆ ನಮಗೆ ಬಾವಿಯೇ ಗತಿ.

ಹೀಗಿರುವಾಗ ಪ್ರತಿ ಹಿತ್ತಲಿನಲ್ಲಿ ಇನ್ನೊಂದು ಸಂಡಾಸು, ಇನ್ನೊಂದು ಗುಂಡಿ ಆದರೆ ಗತಿಯೇನು? ಎರಡನೇ ಮನೆಯಲ್ಲಿ ನರ್ಸು ಇರಲಿ, ಮಗನೇ ಇರಲಿ, ನೆಲದೊಳಗೆ ಇಳಿಯುವ ನೀರಿಗೆ ಆ ಭೇದವಿಲ್ಲ. ಮೊದಲು ಎರಡೇ ಜನರಿದ್ದ ಔಟ್‌ಹೌಸಿನಲ್ಲಿ ಮುಂದೆ ಎಂಟು ಜನ ಬಂದರೆ ಕೇಳುವವರು ಯಾರು? ಕಟ್ಟುವಾಗ ಕುಟುಂಬಕ್ಕೆಂದು ಹೇಳಿ ಕಟ್ಟಿದ ಮನೆ, ಮಾಲೀಕರು ಬದಲಾದ ಕೂಡಲೇ ಚಾಳವಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಮೇಲೆ ತಡೆಯಲಾಗದ್ದನ್ನು ಮೊದಲೇ ತಡೆಯುವುದು ಒಳ್ಳೆಯದೆಂದು ನನ್ನ ನಂಬಿಕೆ.


ಉತ್ತರ: ಕಟ್ಟಡ ಅಭಿಯಂತರ, ಅಂಕೋಲಾ

ಬಾವಿಯ ವಿಷಯ ಎತ್ತಿದವರು ಚರ್ಚೆಯನ್ನು ಸರಿಯಾದ ಜಾಗಕ್ಕೆ ತಂದಿದ್ದಾರೆ, ಅದಕ್ಕಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಇಂಗಿಸುವ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮೂರು ಗುಂಟೆಯೆಂದರೆ 3267 ಚದರಡಿ, ಅಂದರೆ ಸುಮಾರು 303 ಚದರ ಮೀಟರ್. ಅಂಥ ಜಾಗ ಪೂರ್ತಿ ಚೌಕವಾಗಿದ್ದರೂ ಅದರ ಒಂದು ಬದಿ ಹದಿನೇಳೂವರೆ ಮೀಟರಿಗೆ ಮುಗಿಯುತ್ತದೆ. ನಿಮ್ಮ ಬಾವಿ ಒಂದು ಮೂಲೆಯಲ್ಲಿ, ನೆರೆಯವರ ಬಾವಿ ಪಾಗಾರದ ಆಚೆ ಇನ್ನೊಂದು ಮೂಲೆಯಲ್ಲಿ ಇರುವಾಗ ಈಗಿರುವ ಒಂದೇ ಗುಂಡಿಗೇ ಈ ಅಂತರ ಸಿಗುವುದು ಕಷ್ಟ. ಆದ್ದರಿಂದ ಒಳಚರಂಡಿ ಇಲ್ಲದ ಮರಳು ನೆಲದಲ್ಲಿ, ಮೂರು ಗುಂಟೆಯ ಸೈಟಿನಲ್ಲಿ, ಎರಡನೇ ಮನೆಗೆ ಎರಡನೇ ಇಂಗುಗುಂಡಿ ತೋಡಲು ನಾನು ನಕ್ಷೆ ಹಾಕಿಕೊಡುವುದಿಲ್ಲ. ಎರಡೂ ಮನೆಗೆ ಸಾಕಾಗುವ ಒಂದೇ ಟ್ಯಾಂಕನ್ನು ನೀರು ಸೋರದಂತೆ ಕಾಂಕ್ರೀಟಿನಲ್ಲಿ ಕಟ್ಟಿ, ಮಳೆಗಾಲಕ್ಕೆ ಮೊದಲು ಹೂಳು ತೆಗೆಸುವ ಏರ್ಪಾಡು ಮಾಡಿದರೆ, ಮತ್ತು ಬಾವಿಗಳಿಂದ ಅತಿ ದೂರದ ಮೂಲೆಯಲ್ಲಿ ಮಾತ್ರ ಇಂಗಲು ಬಿಟ್ಟರೆ ಅಪಾಯ ಕಡಿಮೆಯಾಗುತ್ತದೆ. ಚಿರೆಕಲ್ಲಿನ ಗಟ್ಟಿ ನೆಲದ ಐದು ಗುಂಟೆಯ ಜಾಗದ ಲೆಕ್ಕವೇ ಬೇರೆ. ಇಡೀ ಬಡಾವಣೆಗೆ ಒಂದೇ ನಿಷೇಧ ಹಾಕುವುದು ಈ ಕಾರಣಕ್ಕೆ ಸರಿಯಾಗುವುದಿಲ್ಲ.

ಇಕ್ಕಟ್ಟಿನ ಅಳತೆಗೂ ಒಂದು ಆಧಾರವಿದೆ. ಮನೆಯಲ್ಲಿ ವಾಸದ ಖೋಲಿ ಒಂದೇ ಇದ್ದರೆ ಅದು 9.5 ಚದರ ಮೀಟರಿಗಿಂತ, ಅಂದರೆ ಸುಮಾರು 102 ಚದರಡಿಗಿಂತ ಚಿಕ್ಕದಿರಬಾರದು, ಅದರ ಅಗಲ 2.4 ಮೀಟರಿಗಿಂತ ಕಡಿಮೆಯಿರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮಂಥ ಸೆಕೆಯೂ ತೇವವೂ ಇರುವ ಪ್ರದೇಶದಲ್ಲಿ ಬಾಗಿಲು ಬಿಟ್ಟು ಕಿಟಕಿ ಮುಂತಾದವುಗಳ ತೆರಪು ನೆಲದ ಅಳತೆಯ ಆರನೇ ಒಂದು ಪಾಲು ಇರಬೇಕೆಂದೂ ಅದರಲ್ಲಿದೆ. ಒಂದು ಖೋಲಿಯಲ್ಲಿ ಮೂರಕ್ಕಿಂತ ಹೆಚ್ಚು ಜನ ಇದ್ದರೆ ಅದನ್ನು ಇಕ್ಕಟ್ಟಿನ ವಾಸವೆಂದು ವಿಶ್ವಸಂಸ್ಥೆಯ ವಸತಿ ವಿಭಾಗ ಪರಿಗಣಿಸುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಎರಚಲಿಗೆಂದು ಕಿಟಕಿಗೆ ತಗಡು ಹೊಡೆದ ಖೋಲಿಯಲ್ಲಿ ಆರು ಜನ ಮಲಗಿ, ಅಲ್ಲೇ ಬಟ್ಟೆ ಒಣಗಿಸಿ, ಅಲ್ಲೇ ಗ್ಯಾಸ್ ಸಿಲಿಂಡರ್ ಇಟ್ಟು ಅಡುಗೆ ಮಾಡುತ್ತಾರೆ. ಒಬ್ಬನಿಗೆ ಕ್ಷಯ ಇದ್ದರೆ ಅದು ಉಳಿದ ಐವರಿಗೆ ಹರಡಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ನನ್ನ ಆತಂಕ ಇರುವುದು ಇಲ್ಲಿ.

ಕಾಳಿ ನದಿಯ ಅಂಚಿನವರಿಗೆ ಇನ್ನೊಂದು ಮಾತು. ಉಬ್ಬರದ ನೀರು ಏರುವ ನದಿಯಾದ್ದರಿಂದ ಅಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಪಟ್ಟಣದೊಳಗಿನ ಬೆಳೆದ ಭಾಗಗಳಲ್ಲಿ ಕೂಡ ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ, ಅಂದರೆ ನೀರಿನಿಂದ ದೂರದ ಕಡೆಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ. ಹಿತ್ತಲು ನೀರಿನ ಕಡೆಗಿದ್ದರೆ ಸಂಘದ ಠರಾವು ಇರಲಿ ಇಲ್ಲದಿರಲಿ, ಎರಡನೇ ಮನೆಯ ಯೋಚನೆಯನ್ನು ಬಿಡುವುದು ಒಳ್ಳೆಯದು.


ಉತ್ತರ: ಬಾಡಿಗೆದಾರ, ಮೂಲ ಊರು ಹಳಿಯಾಳ ಕಡೆ

ನಾನು ಕಾಮಗಾರಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ ಮತ್ತು ನೀವೆಲ್ಲ ಚರ್ಚಿಸುತ್ತಿರುವಂಥ ಮನೆಯೊಂದರಲ್ಲೇ, ಬೇರೆ ಬಡಾವಣೆಯಲ್ಲಿ, ವಾಸವಾಗಿದ್ದೇನೆ. ಎರಡು ಖೋಲಿಗಳಲ್ಲಿ ನಾವು ಒಂಬತ್ತು ಜನ. ಹೀಗಿರಬೇಕೆಂಬ ಆಸೆ ನಮಗೆ ಯಾರಿಗೂ ಇಲ್ಲ. ಬಂದ ಹೊಸತರಲ್ಲಿ ನಾವು ನಾಲ್ವರು ಸೇರಿ ಒಂದು ಸಣ್ಣ ಮನೆ ಹುಡುಕಿದೆವು. ಬಾಡಿಗೆ, ಅಡ್ವಾನ್ಸ್ ಎರಡನ್ನೂ ಕೊಡಲು ತಯಾರಿದ್ದೆವು. ಹೋದಲ್ಲೆಲ್ಲ ಮೊದಲ ಪ್ರಶ್ನೆ ಕುಟುಂಬ ಇದೆಯೇ ಎಂಬುದು. ಇಲ್ಲವೆಂದ ಕೂಡಲೇ ಮಾತು ಮುಗಿಯುತ್ತಿತ್ತು. ಕೊನೆಗೆ ಯಾರನ್ನೂ ಬೇಡವೆನ್ನದ ಒಂದು ಮನೆ ಸಿಕ್ಕಿತು, ಮತ್ತು ಎಲ್ಲ ಕಡೆ ಬೇಡವೆನ್ನಿಸಿಕೊಂಡವರೆಲ್ಲ ಅಲ್ಲಿಗೇ ಬಂದು ಸೇರಿದ್ದರು.

ಅಲ್ಲಿ ಬಾಡಿಗೆ ಮನೆಗಲ್ಲ, ತಲೆಗೆ. ಒಬ್ಬನಿಗೆ ತಿಂಗಳಿಗೆ 2000 ರೂಪಾಯಿ. ಒಂದು ಕುಟುಂಬಕ್ಕೆ ಕೊಟ್ಟರೆ ಇದರ ಅರ್ಧವೂ ಸಿಗದ ಮನೆಯಿಂದ ಮಾಲೀಕರಿಗೆ 18000 ಸಿಗುತ್ತದೆ, ಇನ್ನೊಬ್ಬನನ್ನು ಸೇರಿಸಿದರೆ ಇನ್ನೂ 2000. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಮೀನುಗಾರಿಕೆ ನಿಂತಾಗ ಬೋಟಿನ ಕೆಲಸದವರು ಊರಿಗೆ ಹೋಗುತ್ತಾರೆ, ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಆಗಸ್ಟಿನಲ್ಲಿ ಬೋಟಿನವರು ಮರಳಿದಾಗ ಯಾರನ್ನೂ ಹೊರಗೆ ಹಾಕುವುದಿಲ್ಲ, ಎಲ್ಲರೂ ಒತ್ತಿಕೊಂಡು ಮಲಗುತ್ತೇವೆ. ನಮ್ಮ ಹತ್ತಿರ ಕರಾರುಪತ್ರವಿಲ್ಲ. ಕರಾರುಪತ್ರವಿಲ್ಲದೆ ಈ ವಿಳಾಸಕ್ಕೆ ಗ್ಯಾಸ್ ಸಂಪರ್ಕ ಪಡೆಯುವುದೂ ಕಷ್ಟ. ಪ್ರತ್ಯೇಕ ಹೆಸ್ಕಾಂ ಮೀಟರ್ ಇಲ್ಲದ್ದರಿಂದ ಬಾಡಿಗೆದಾರರಿಗೂ ಸಿಗಬೇಕಾದ ಗೃಹಜ್ಯೋತಿಯ ಪ್ರಯೋಜನ ನಮಗೆ ಸಿಗುವುದಿಲ್ಲ, ಕರೆಂಟಿಗೆ ಮಾಲೀಕರು ಹೇಳಿದಷ್ಟು ಕೊಡಬೇಕು. ಸಂಡಾಸಿನ ಗುಂಡಿ ತುಂಬಿದೆಯೆಂದು ಹೇಳಿದರೆ ಬೇಡವಾದರೆ ಬಿಟ್ಟುಹೋಗಿ ಎಂಬ ಉತ್ತರ ಬರುತ್ತದೆ.

ಠರಾವಿನ ಎರಡನೇ ಭಾಗವನ್ನು ಓದಿ ನನಗೆ ಬಹಳ ನೋವಾಯಿತು. ಕುಟುಂಬಸ್ಥರಿಗೆ ಮಾತ್ರವೆಂದು ನಿಮ್ಮ ಬಡಾವಣೆಯ ಎಲ್ಲ ಬಾಗಿಲುಗಳೂ ಮುಚ್ಚಿದರೆ ನಮ್ಮಂಥವರು ಊರು ಬಿಟ್ಟು ಹೋಗುವುದಿಲ್ಲ, ಕೆಲಸ ಇಲ್ಲೇ ಇದೆಯಲ್ಲ. ತೆರೆದಿರುವ ಆ ಒಂದೇ ಮನೆಯಲ್ಲಿ ಇಪ್ಪತ್ತು ಇದ್ದವರು ಮೂವತ್ತಾಗುತ್ತೇವೆ. ಅಕ್ಕೋರ ಔಟ್‌ಹೌಸಿನಂಥದ್ದು ನಾಲ್ವರಿಗೆ ಸಿಕ್ಕಿದರೆ ಆ ಹಂಚಿನ ಮನೆಯಲ್ಲಿ ನಾಲ್ವರು ಕಡಿಮೆಯಾಗುತ್ತಾರೆ.


ಉತ್ತರ: ವಕೀಲ, ಕಾರವಾರ

ಕಾನೂನಿನ ಮಟ್ಟಿಗೆ ಚಿಕ್ಕದಾಗಿ ಬರೆಯುತ್ತೇನೆ. ಕಟ್ಟಡ ಪರವಾನಿಗೆಯನ್ನು ನಗರಸಭೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮತ್ತು ಅದರಡಿಯ ಉಪವಿಧಿಗಳಂತೆ ನಿರ್ಧರಿಸಬೇಕು. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ನೆಲ ಆವರಿಸುವ ಪ್ರಮಾಣ, ಎತ್ತರ, ಒಳಚರಂಡಿ ವ್ಯವಸ್ಥೆ ಇವೆಲ್ಲ ಸರಿಯಿರುವ ನಕ್ಷೆಯನ್ನು ನೆರೆಯವರ ಸಂಘಕ್ಕೆ ಇಷ್ಟವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಲಾಗದು. ನಿಯಮ ಮೀರಿದ್ದನ್ನು ಬರವಣಿಗೆಯಲ್ಲಿ ತೋರಿಸಿದರೆ ಮಾತ್ರ ಸಂಘದ ಆಕ್ಷೇಪಣೆಗೆ ತೂಕ ಬರುತ್ತದೆ.

ಬಾಡಿಗೆದಾರರಿಗೆ ಸಿಗುವ ರಕ್ಷಣೆ ಬಹಳ ತೆಳುವಾಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ದೊಡ್ಡ ನಗರಗಳ ಹೊರಗೆ ತಿಂಗಳಿಗೆ 2000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯವಾಗದಂತೆ ರಚನೆಯಾಗಿತ್ತು. ಈಗಿನ ಬಾಡಿಗೆಗಳಲ್ಲಿ ಹೆಚ್ಚಿನವು ಅದರ ಹೊರಗೆ ಬೀಳುತ್ತವೆ. ಉಳಿಯುವುದು ಹನ್ನೊಂದು ತಿಂಗಳ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಹದಿನೈದು ದಿನಗಳ ನೋಟಿಸು. ಆದ್ದರಿಂದ ಪ್ರತಿ ಬಾಡಿಗೆಗೂ ಬರವಣಿಗೆಯ ಕರಾರು ಇರಬೇಕೆಂದೂ, ಅದರಲ್ಲಿ ವಾಸಿಸುವವರ ಸಂಖ್ಯೆ ನಮೂದಾಗಿರಬೇಕೆಂದೂ ಸಂಘ ತನ್ನ ಸದಸ್ಯರಿಂದ ಒಪ್ಪಿಗೆ ಪಡೆದರೆ ಅದು ಎರಡೂ ಕಡೆಯವರಿಗೆ ಉಪಯೋಗ.

ಗುತ್ತಿಗೆದಾರರನ್ನೂ ಈ ಚರ್ಚೆಯಿಂದ ಬಿಡಬಾರದು. ಕಟ್ಟಡ ಕಾರ್ಮಿಕರಿಗೆ ಕಾಮಗಾರಿಯ ಸ್ಥಳದಲ್ಲಿ ಅಥವಾ ಹತ್ತಿರದಲ್ಲಿ ಅಡುಗೆ, ಸ್ನಾನ, ಶೌಚದ ಪ್ರತ್ಯೇಕ ವ್ಯವಸ್ಥೆಯಿರುವ ತಾತ್ಕಾಲಿಕ ವಸತಿಯನ್ನು ಉಚಿತವಾಗಿ ಕೊಡುವ ಹೊಣೆಯನ್ನು 1996ರ ಕಾಯ್ದೆಯ 34ನೇ ಕಲಮೇ ಉದ್ಯೋಗದಾತರ ಮೇಲೆ ಹೊರಿಸಿತ್ತು. ದೊಡ್ಡ ಗುತ್ತಿಗೆ ಹಿಡಿದವರು ಆ ಹೊಣೆಯನ್ನು ಗಲ್ಲಿಯ ಹಂಚಿನ ಮನೆಯ ಮೇಲೆ ಹಾಕಿ ಕೈ ತೊಳೆದುಕೊಂಡಾಗ, ಸಂಘದ ಪತ್ರ ಕಾರ್ಮಿಕ ಇಲಾಖೆಗೂ ಹೋಗಬೇಕು.


ಉತ್ತರ: ಶಿರಸಿ ಮೂಲದವನು, ಈಗ ಕ್ಯಾಲಿಫೋರ್ನಿಯಾ

ಇಲ್ಲಿಯೂ ಇದೇ ಜಗಳ ಬಹಳ ವರ್ಷ ನಡೆಯಿತು. ಹಿತ್ತಲಿನ ಎರಡನೇ ಮನೆಗೆ ನಗರಗಳು ಒಂದರ ಮೇಲೊಂದು ಅಡ್ಡಿ ಹಾಕುತ್ತಿದ್ದವು. 2017ರಿಂದ ಜಾರಿಗೆ ಬಂದ ರಾಜ್ಯದ ಕಾಯ್ದೆಗಳು ಅವನ್ನು ಸಡಿಲಿಸಿದವು, 2020ರಿಂದ ಇನ್ನಷ್ಟು. ಈಗ 800 ಚದರಡಿಯವರೆಗಿನ ಎರಡನೇ ಮನೆಯನ್ನು, ಬದಿಯಲ್ಲೂ ಹಿಂದೆಯೂ ನಾಲ್ಕು ಅಡಿ ಬಿಟ್ಟು ಕಟ್ಟುವುದಾದರೆ, ನಗರಗಳು ಸಾಮಾನ್ಯವಾಗಿ ಬೇಡವೆನ್ನುವಂತಿಲ್ಲ. ಅರ್ಜಿಯನ್ನು 60 ದಿನಗಳೊಳಗೆ ತೀರ್ಮಾನಿಸಬೇಕು, ಅದಕ್ಕೆ ನೆರೆಯವರ ವಿಚಾರಣೆಯ ಸಭೆ ಇಲ್ಲ. ಪರವಾನಿಗೆ ಸಿಗುವ ದಾರಿ ಇದ್ದಾಗ ಜನ ಕದ್ದು ಕಟ್ಟುವ ಬದಲು ನಕ್ಷೆ ಹಿಡಿದು ಕಚೇರಿಗೆ ಬರುತ್ತಾರೆ, ಆಗ ಚರಂಡಿಯನ್ನೂ ತಂತಿಯನ್ನೂ ಪರೀಕ್ಷಿಸಲು ಸಾಧ್ಯವಾಗುತ್ತದೆ.

ಇಕ್ಕಟ್ಟನ್ನು ಮಾತ್ರ ಬೇರೆಯದೇ ನಿಯಮದಿಂದ ಅಳೆಯುತ್ತಾರೆ. ಇಬ್ಬರು ಮಲಗುವ ಖೋಲಿ ಕನಿಷ್ಠ 70 ಚದರಡಿ, ಆಮೇಲೆ ಸೇರುವ ಪ್ರತಿಯೊಬ್ಬರಿಗೆ ಇನ್ನೂ 50 ಚದರಡಿ ಇರಬೇಕು. ಕಟ್ಟಡ ಅಭಿಯಂತರರು ಹೇಳಿದ 102 ಚದರಡಿಯ ಖೋಲಿಗೆ ಈ ಲೆಕ್ಕ ಹಾಕಿದರೆ ಇಬ್ಬರೇ ಮಲಗಬಹುದು. ರಕ್ತಸಂಬಂಧ ಇಲ್ಲದವರು ಇಷ್ಟೇ ಜನ ಒಟ್ಟಿಗೆ ವಾಸಿಸಬೇಕೆಂದು ಸಾಂಟಾ ಬಾರ್ಬರಾ ನಗರ ಮಾಡಿದ್ದ ನಿಯಮವನ್ನು ರಾಜ್ಯದ ಸುಪ್ರೀಂ ಕೋರ್ಟು 1980ರಲ್ಲಿ ರದ್ದುಪಡಿಸಿತು. ನಮ್ಮ ಕಾನೂನು ಬೇರೆ, ನೆಲ ಬೇರೆ, ಇಲ್ಲಿ ನೆಲದಡಿಯಲ್ಲಿ ಚರಂಡಿ ಕೊಳವೆ ಇರುವುದರಿಂದ ಕೋಡಿಬಾಗದ ಬಾವಿಗೆ ಇಲ್ಲಿನ ಉತ್ತರ ಸಾಲದು ಎಂಬುದನ್ನೂ ಒಪ್ಪುತ್ತೇನೆ. ಆದರೂ ಮನೆಯೊಳಗಿನವರು ಪರಸ್ಪರ ಏನಾಗಬೇಕೆಂದು ಕೇಳದೆ ನೆಲವನ್ನೂ ಸಂಡಾಸನ್ನೂ ಲೆಕ್ಕ ಹಾಕುವ ಕ್ರಮ ನಮಗೂ ಒಳ್ಳೆಯದು. ಶಿರಸಿಯಲ್ಲಿ ಹಳ್ಳಿಯಿಂದ ಬಂದು ಬಿಡಾರ ಹೂಡಿ ಓದಿದ ನಮ್ಮ ತಲೆಮಾರಿನ ಹುಡುಗರಿಗೆ ಯಾರೋ ಒಬ್ಬರು ಹಿಂಬದಿಯ ಖೋಲಿ ಕೊಡದಿದ್ದರೆ ನಾವು ಕಾಲೇಜು ಮುಗಿಸುತ್ತಿರಲಿಲ್ಲ.


ಉತ್ತರ: ಬಾವಿ ನೀರು ಕುಡಿಯುವವನು, ಕೋಡಿಬಾಗ

ಎಲ್ಲರ ಮಾತನ್ನೂ ಓದಿದೆ. ಎರಡನೇ ಭಾಗವನ್ನು ಕರಡಿನಿಂದ ತೆಗೆಯಬೇಕೆಂದು ಸಭೆಯಲ್ಲಿ ನಾನೇ ಹೇಳುತ್ತೇನೆ. ಹಳಿಯಾಳದವರು ಬರೆದ ಮೇಲೆ ಅದನ್ನು ಸಮರ್ಥಿಸಲು ನನ್ನಿಂದಾಗದು. ಅದರ ಜಾಗದಲ್ಲಿ ವಕೀಲರು ಹೇಳಿದ ಲಿಖಿತ ಕರಾರು, ಒಂದು ಖೋಲಿಗೆ ಮೂವರೆಂಬ ಮಿತಿ, ಎರಡನೇ ಮನೆಗೆ ಪ್ರತ್ಯೇಕ ಮೀಟರ್, ಇವು ಬರಲಿ.

ಮೊದಲ ಭಾಗದಲ್ಲಿ ಮಾತ್ರ ನಾನು ಪೂರ್ತಿ ಹಿಂದೆ ಸರಿಯಲಾರೆ. ಒಳಚರಂಡಿ ಬರುವವರೆಗೆ, ಮರಳು ನೆಲದ ಗಲ್ಲಿಗಳಲ್ಲಿ, ನೆರೆಯ ಬಾವಿಯಿಂದ 18 ಮೀಟರ್ ಸಿಗದ ಸೈಟಿನಲ್ಲಿ ಹೊಸ ಇಂಗುಗುಂಡಿಗೆ ನಮ್ಮ ಆಕ್ಷೇಪಣೆ ಇದೆಯೆಂದು ಠರಾವಿನಲ್ಲಿ ಬರೆಯಲೇಬೇಕು. ಅಕ್ಕೋರು ಹೇಳಿದ ಹಿಸ್ಸೆಯ ಮನೆಗಳಿಗೂ ಇದು ಅನ್ವಯಿಸಬೇಕು, ಅವರು ಬೇಸರಿಸಿಕೊಳ್ಳಬಾರದು. ಈಗಿರುವ ಹಂಚಿನ ಮನೆಯ ಗುಂಡಿಯನ್ನು ಮೇ ತಿಂಗಳೊಳಗೆ ಖಾಲಿ ಮಾಡಿಸಿ ಇನ್ನೆರಡು ಸಂಡಾಸು ಕಟ್ಟಿಸುವಂತೆ ಮಾಲೀಕರಿಗೆ ಸಂಘ ಪತ್ರ ಬರೆಯಲಿ, ಅದರ ಪ್ರತಿ ನಗರಸಭೆಯ ಆರೋಗ್ಯ ಶಾಖೆಗೆ ಹೋಗಲಿ. ಮಳೆಗೆ ಮೊದಲೊಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಗಲ್ಲಿಯ ಎಲ್ಲ ಬಾವಿಗಳ ನೀರನ್ನೂ ಪರೀಕ್ಷೆಗೆ ಕಳಿಸೋಣ. ನಮ್ಮ ಗಲ್ಲಿಯ ಮಟ್ಟಿಗೆ ಅದರ ಖರ್ಚನ್ನು ನಾನು ಕೊಡುತ್ತೇನೆ.